ಕೈ ಸೋಂಕದ ಬ್ರೆಡ್ಡು

ಕಲೂರ್, ಕೊಚ್ಚಿ
28 ಏಪ್ರಿಲ್ 2006

ಪ್ರಿಯ ಚಂಪಾ,

ಫೋನು ಮಾಡಬಹುದಿತ್ತಲ್ಲ ಅತ್ತಿಗೆ, ಕಾಗದ ಯಾಕೆ ಎಂದು ಕೇಳಬೇಡ. ನಮ್ಮ ಫೋನು ಇರುವುದು ಅತ್ತೆಯ ಮಂಚದ ಪಕ್ಕದಲ್ಲಿ. ಅವರ ವಿಷಯವನ್ನು ಅವರ ತಲೆಯ ಮೇಲಿಂದಲೇ ಮಾತಾಡಲು ನನಗೆ ಬಾಯಿ ಬರುವುದಿಲ್ಲ.

ನಿನ್ನ ಅಮ್ಮ ರಾತ್ರಿ ಏನೂ ತಿನ್ನುತ್ತಿಲ್ಲ. ಮಾವ ತೀರಿಕೊಂಡಂದಿನಿಂದ ಅವರಿಗೆ ರಾತ್ರಿ ಅನ್ನ ಇಲ್ಲ, ಫಲಾಹಾರ ಮಾತ್ರ, ನಿನಗೆ ಗೊತ್ತೇ ಇದೆ. ಜನವರಿಯಲ್ಲಿ ನಿನ್ನ ಅಣ್ಣ ಹೋದರು, ಫೆಬ್ರವರಿಯಲ್ಲಿ ಅತ್ತೆಯ ಬಾಯಿ ಒಂದು ಕಡೆಗೆ ವಾಲಿತು, ಕಣ್ಣೂ ಮಂಜಾಯಿತು. ಈಗ ಚಪಾತಿ ಜಗಿಯಲಾಗುವುದಿಲ್ಲ. ಉಪ್ಪಿಟ್ಟು ಗಂಟಲಿಗೆ ಸಿಕ್ಕಿ ಕೆಮ್ಮು ಬರುತ್ತದೆ. ಗಂಜಿ ಕೊಡೋಣವೆಂದರೆ ಅದೂ ಅನ್ನವೇ ಎನ್ನುತ್ತಾರೆ. ಸೀರೆ ಉಡಿಸುವಾಗ ಸೊಂಟದ ಎಲುಬು ನನ್ನ ಕೈಗೆ ತಾಗುತ್ತದೆ.

ಡಾಕ್ಟರು ಹಾಲಿನಲ್ಲಿ ಅದ್ದಿದ ಬ್ರೆಡ್ಡು ಕೊಡಿ ಎಂದರು. ಅತ್ತೆ ಡಾಕ್ಟರ ಎದುರಿಗೇ ನನ್ನನ್ನು ಕೇಳಿದರು, "ಬೇಕರಿಯದ್ದಾ? ಯಾರ್ಯಾರ ಕೈಯೋ, ಎಂತೆಂತ ಮೊಟ್ಟೆಯೋ. ಇಷ್ಟು ಕಾಲ ನೆಟ್ಟಗೆ ಬದುಕಿ, ಹೊರಡುವ ಹೊತ್ತಿಗೆ ಅದನ್ನು ತಿನ್ನುವುದಾ?" ಡಾಕ್ಟರಿಗೆ ಕನ್ನಡ ಬರುವುದಿಲ್ಲ. ಅಮ್ಮ ಏನೆಂದರು ಎಂದು ಕೇಳಿದರು. ಆಗಲಿ ಎಂದರು ಎಂದೆ.

ನಾನೇ ಮಾಡೋಣವೆಂದು ಕುಕ್ಕರಿನಲ್ಲಿ ಪ್ರಯತ್ನಿಸಿದೆ. ಅದನ್ನು ಏನೆಂದು ಕರೆಯಬೇಕೋ ತಿಳಿಯಲಿಲ್ಲ. ಕೆಳಗಿನ ಮನೆಯ ಗ್ರೇಸಿಯನ್ನು ನೀನು ಅಂದು ನೋಡಿದ್ದೀ. ಕೇಕು ಮಾಡಿ ಮಾರುತ್ತಾಳಲ್ಲ, ನಿನ್ನ ಅಣ್ಣನನ್ನು ಆಸ್ಪತ್ರೆಗೆ ಎತ್ತಿಕೊಂಡು ಹೋದದ್ದು ಅವಳ ಗಂಡ. ಗಲ್ಫಿನಲ್ಲಿ ಬ್ರೆಡ್ಡು ಮಾಡುವ ಯಂತ್ರ ಸಿಗುತ್ತದೆ ಎಂದು ಹೇಳಿದವಳು ಅವಳೇ. ಹಿಟ್ಟು ನೀರು ಹಾಕಿ ಮುಚ್ಚಳ ಮುಚ್ಚಿದರೆ ಕಲಸಿ, ನಾದಿ, ಉಬ್ಬಿಸಿ, ಬೇಯಿಸಿ ಕೊಡುತ್ತದಂತೆ. ಅತ್ತೆಗೆ ಹೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದ್ದವರು ಈ ಕಡೆ ತಿರುಗಿದರು. "ಕೈಯೇ ತಾಗುವುದಿಲ್ಲವಾ? ಹಾಗಾದರೆ ಅಡ್ಡಿಯಿಲ್ಲ."

ನಿಮ್ಮ ಕಡೆಯವರು ಮಸ್ಕತ್ತಿನಲ್ಲಿ ಯಾರೋ ಇದ್ದಾರೆ ಎಂದಿದ್ದೆಯಲ್ಲ. ಕೇಳಲು ಸಂಕೋಚವಾಗುತ್ತದೆ. ಆದರೂ ಕೇಳುತ್ತಿದ್ದೇನೆ.

ನಿನ್ನ ಅತ್ತಿಗೆ,
ಮೂಕಾಂಬಿಕಾ


ತುಂಬ, ತಿರುವನಂತಪುರ
9 ಮೇ 2006

ಅತ್ತಿಗೆ,

ನಿಮ್ಮ ಕಾಗದ ಓದಿ ಎರಡು ದಿನ ಸರಿಯಾಗಿ ನಿದ್ದೆ ಬರಲಿಲ್ಲ. ಸಂಕೋಚ ಎಂದು ಬರೆದದ್ದಕ್ಕೆ ನಿಮ್ಮೊಡನೆ ಜಗಳ ಉಂಟು, ಅದು ಆಮೇಲೆ.

ನಮ್ಮವರ ಅಕ್ಕನ ಮಗ ಸಂದೇಶ್ ಮಸ್ಕತ್ತಿನಿಂದ ಈ ತಿಂಗಳ ಕೊನೆಗೆ ರಜೆಗೆ ಬರುತ್ತಾನೆ. ಅವನು ಅಂಗಡಿಯಿಂದಲೇ ಫೋನು ಮಾಡಿದ. "ಅತ್ತೆ, ದೊಡ್ಡದು ಉಂಟು, ಸಣ್ಣದು ಉಂಟು, ಮುಚ್ಚಳಕ್ಕೆ ಗಾಜು ಇರುವುದು ಉಂಟು, ಇಲ್ಲದ್ದು ಉಂಟು. ಬೇಗ ಹೇಳಿ, ಮೀಟರು ಓಡುತ್ತದೆ." ನಮ್ಮವರು, ನಿಮ್ಮ ಭಾವ, ಕೂಡಲೇ ರಾಕೆಟ್ಟು ಹಾರಿಸುವವರ ಹಾಗೆ ಪೆನ್ನು ಹಿಡಿದು ಕೂತರು. ಎಷ್ಟು ವೋಲ್ಟು, ಎಷ್ಟು ವ್ಯಾಟು, ಕರೆಂಟು ಹೋಗಿ ಬಂದರೆ ನಿಂತಲ್ಲಿಂದ ಮುಂದುವರಿಯುತ್ತದೋ ಮೊದಲಿನಿಂದ ಶುರುಮಾಡುತ್ತದೋ ಎಂದೆಲ್ಲ ಕೇಳಿದರು. ಅಂಗಡಿಯವನಿಗೇ ಗೊತ್ತಿರಲಿಲ್ಲ. ನಿಕಿತಾ ಇಂಟರ್ನೆಟ್ಟಿನಲ್ಲಿ ಹುಡುಕಿ ಮಲಯಾಳದಲ್ಲಿ ನಮಗೆ ಪಾಠ ಮಾಡಿದಳು. ಅಜ್ಜಿಗಾಗಿ ಎಂದಾದರೆ ಆ ಮಗುವಿಗೂ ಉತ್ಸಾಹ.

ಕೊನೆಗೆ ಸಣ್ಣದನ್ನೇ ಆರಿಸಿದೆವು. ದೊಡ್ಡದರಲ್ಲಿ ಒಮ್ಮೆ ಮಾಡಿದರೆ ಇಬ್ಬರಿಗೆ ತಿಂದು ಮುಗಿಸಲು ಮೂರು ದಿನ ಬೇಕು, ಅಮ್ಮ ಹಳಸಿದ್ದು ಎನ್ನುತ್ತಾಳೆ. ಮುಚ್ಚಳಕ್ಕೆ ಗಾಜು ಇರಲಿ ಎಂದೆ. ಒಳಗೆ ಏನಾಗುತ್ತದೆ ಎಂದು ನೀವು ನೋಡಿ ಅವಳಿಗೆ ಹೇಳಬಹುದು. ಪಾತ್ರೆಯ ತಳದಲ್ಲಿ ಒಂದು ಸಣ್ಣ ಅಲಗು ಇರುತ್ತದೆ, ಅದೇ ತಿರುಗಿ ನಾದುವುದು. ತೊಳೆಯುವಾಗ ಕಳೆದುಹೋದೀತು, ಜೋಪಾನ. ಯೀಸ್ಟಿನ ಡಬ್ಬವನ್ನೂ ಅವನೇ ತರುತ್ತಾನೆ. ಅಮ್ಮ ನಿನ್ನೆ ಫೋನಿನಲ್ಲಿ ಕೇಳಿದಳು, "ಯೀಸ್ಟು ಅಂದರೆ ಎಂತದು? ಇಲ್ಲಿ ಅಪ್ಪಕ್ಕೆ ಹಾಕುವ ಕಳ್ಳಿನ ಮಡ್ಡಿಯಾ?" ಅಲ್ಲ, ಡಬ್ಬದಲ್ಲಿ ಬರುವ ಒಣ ಪುಡಿ ಎಂದೆ. ನೀವೂ ಹಾಗೆಯೇ ಹೇಳಿ.

ಅಣ್ಣ ಇದ್ದಿದ್ದರೆ ಆ ಯಂತ್ರವನ್ನು ಬಿಚ್ಚಿ ನೋಡದೆ ಬಿಡುತ್ತಿರಲಿಲ್ಲ.

ನಿಮ್ಮ
ಚಂಪಾ


ಕಲೂರ್
12 ಜೂನ್ 2006

ಪ್ರಿಯ ಚಂಪಾ,

ಸಂದೇಶ್ ಯಂತ್ರ ತಂದುಕೊಟ್ಟು ಹೋದ. ಒಳ್ಳೆಯ ಹುಡುಗ, ನೀರು ಸಹ ಕುಡಿಯದೆ ಓಡಿದ. ಅಡಿಗೆಮನೆಯ ಕಿಟಕಿಯ ಪಕ್ಕ ಇಟ್ಟಿದ್ದೇನೆ. ಶಬ್ದ ಅತ್ತೆಯ ಕೋಣೆಗೆ ಕೇಳಿಸುತ್ತದೆ.

ಅತ್ತೆ ರಾತ್ರಿ ಬ್ರೆಡ್ಡು ತಿನ್ನುತ್ತಾರೆ. ಹಾಲಿನಲ್ಲಿ ಅದ್ದಿ ಕೊಡುತ್ತೇನೆ. ಮೈಯಲ್ಲಿ ಸ್ವಲ್ಪ ರಕ್ತ ಬಂದ ಹಾಗೆ ಕಾಣುತ್ತದೆ.

ಮಳೆ ಹಿಡಿದಿದೆ. ಬೇರೇನೂ ಇಲ್ಲ.

ನಿನ್ನ ಅತ್ತಿಗೆ,
ಮೂಕಾಂಬಿಕಾ


ತುಂಬ
20 ಜುಲೈ 2006

ಅತ್ತಿಗೆ,

ನಿಮ್ಮ ಕಾಗದ ಇಷ್ಟು ಗಿಡ್ಡವಾದರೆ ಹೇಗೆ? ಅಮ್ಮನೇ ನಿಮಗಿಂತ ಹೆಚ್ಚು ಹೇಳಿದಳು. ನಿನ್ನೆ ಫೋನಿನಲ್ಲಿ ಅವಳ ಬಾಯಿ ನಿಲ್ಲಲಿಲ್ಲ. "ನಿನ್ನ ಮೆಷಿನು ಪುಣ್ಯಾತ್ಗಿತ್ತಿ ಮಾರಾಯ್ತಿ. ಬೆಣ್ಣೆಯ ಹಾಗೆ ಬಾಯಿಯಲ್ಲಿ ಕರಗ್ತದೆ. ಮಧ್ಯಾಹ್ನ ಅದು ಗಿರಗಿರ ಅನ್ಲಿಕ್ಕೆ ಶುರುಮಾಡಿದರೆ ನನಗೆ ಹಸಿವು ಶುರು."

ಜನವರಿಯಿಂದ ಈಚೆಗೆ ಅಮ್ಮ ನಗುವುದನ್ನು ಮೊದಲ ಸಲ ಕೇಳಿದೆ. ಫೋನು ಇಟ್ಟ ಮೇಲೆ ಅತ್ತುಬಿಟ್ಟೆ. ಕ್ವಾರ್ಟರ್ಸಿನಲ್ಲಿ ಎಲ್ಲರಿಗೂ ಹೇಳಿದ್ದೇನೆ. ಪಕ್ಕದ ಮನೆಯವರು ತಮಗೂ ಒಂದು ತರಿಸಿಕೊಡಿ ಎನ್ನುತ್ತಿದ್ದಾರೆ. ಆಗಸ್ಟಿನಲ್ಲಿ ಅಣ್ಣನ ಮಾಸಿಕಕ್ಕೆ ಬರುತ್ತೇನೆ. ಆಗ ನನ್ನ ಎದುರಿಗೇ ಮಾಡಿ ತೋರಿಸಬೇಕು. ಕಲಿತುಕೊಂಡು ಹೋಗುತ್ತೇನೆ.

ನಿಮ್ಮ
ಚಂಪಾ


ಕಲೂರ್
2 ಆಗಸ್ಟ್ 2006

ಪ್ರಿಯ ಚಂಪಾ,

ನೀನು ಬರುವ ಮೊದಲು ಇದನ್ನು ಬರೆಯಬೇಕು. ಬಂದು ನೋಡಿದ ಮೇಲೆ ಹೇಳಿದರೆ ಅದು ಹೇಳಿದ ಹಾಗಲ್ಲ.

ಅತ್ತೆ ತಿನ್ನುವುದು ಯಂತ್ರದ ಬ್ರೆಡ್ಡಲ್ಲ. ಗ್ರೇಸಿಯದ್ದು.

ಮೊದಲಿನಿಂದ ಹೇಳುತ್ತೇನೆ. ಯಂತ್ರ ಬಂದ ದಿನ ಅತ್ತೆ ಎಂದಿನ ಹಾಗೆ, "ಅಂಗಡಿಯ ಸಾಮಾನು ಬಿಸಿಲು ಕಾಣದೆ ಒಳಗೆ ಬರ್ಲಿಕ್ಕಿಲ್ಲ" ಎಂದರು. ನಮ್ಮಲ್ಲಿ ಉದ್ದು, ಮೆಣಸು, ಹುಣಸೆ, ಯಾವುದಾದರೂ ಟೆರೇಸಿನ ಬಿಸಿಲು ಕಂಡೇ ಡಬ್ಬಕ್ಕೆ ಹೋಗುವುದು. ಮಡಿಗೂ ಆಯಿತು, ಹುಳ ಹಿಡಿಯದಿರಲೂ ಆಯಿತು. ಮೈದಾವನ್ನು ಹರವಿದೆ. ಯೀಸ್ಟನ್ನೂ ಒಂದು ಸ್ಟೀಲಿನ ತಟ್ಟೆಯಲ್ಲಿ ಹರವಿ ಮಧ್ಯಾಹ್ನದವರೆಗೆ ಕಾಯಿಸಿದೆ. ಮಳೆಗೆ ಮೊದಲಿನ ಆ ಬಿಸಿಲು ನಿನಗೆ ಗೊತ್ತು.

ಬ್ರೆಡ್ಡು ಉಬ್ಬಲಿಲ್ಲ. ಮರುದಿನವೂ ಇಲ್ಲ. ನಾಲ್ಕನೆಯದನ್ನು ಸೆರಗಿನಲ್ಲಿ ಮುಚ್ಚಿಕೊಂಡು ಗ್ರೇಸಿಯ ಮನೆಗೆ ಹೋದೆ. ಅವಳು ಅದನ್ನು ಮೇಜಿಗೆ ಕುಟ್ಟಿ ನೋಡಿದಳು. "ಚೇಚಿ, ಇಂಥದ್ದು ಇನ್ನೂ ಒಂದಷ್ಟು ಮಾಡಿ ಕೊಡಿ, ಹಿಂದಿನ ಕಂಪೌಂಡು ಬಿದ್ದಿದೆ, ಕಟ್ಟಿಸೋಣ" ಎಂದು ನಕ್ಕಳು. ನಾನೂ ನಕ್ಕೆ. ಅಷ್ಟು ತಿಂಗಳ ಮೇಲೆ ನಕ್ಕದ್ದು. ಆಮೇಲೆ ಏನೇನು ಮಾಡಿದಿರಿ ಎಂದು ಕೇಳಿ, ಬಿಸಿಲಿನ ವಿಷಯ ಬಂದಾಗ ತಲೆಗೆ ಕೈ ಇಟ್ಟುಕೊಂಡಳು. "ಅಯ್ಯೋ ಚೇಚಿ, ಯೀಸ್ಟಿಗೆ ಜೀವ ಉಂಟು. ಬಿಸಿಲಿನಲ್ಲಿ ಸುಟ್ಟು ಕೊಂದಿರಿ. ಸತ್ತದ್ದು ಹೇಗೆ ಎದ್ದೀತು?"

ತನ್ನ ಯೀಸ್ಟು ಸ್ವಲ್ಪ ಕಟ್ಟಿಕೊಟ್ಟಳು. ಇವತ್ತಿಗೆ ಇದಿರಲಿ ಎಂದು ತಾನು ಮಾಡಿದ ಅರ್ಧ ಬ್ರೆಡ್ಡನ್ನೂ ಕೊಟ್ಟಳು. ಮೊಟ್ಟೆ ಹಾಕಿಲ್ಲ, ಹಾಲು ತುಪ್ಪ ಮಾತ್ರ ಎಂದಳು. ಅದನ್ನು ಅತ್ತೆಗೆ ಕೊಡುವ ಯೋಚನೆ ನನಗಿರಲಿಲ್ಲ. ಆದರೆ ಸಂಜೆ ಅವರು, "ಇವತ್ತಾದರೂ ಆಯ್ತಾ?" ಎಂದು ಕೇಳಿದರು. ಆ ಧ್ವನಿಯನ್ನು ಕಾಗದದಲ್ಲಿ ಬರೆಯಲು ಬರುವುದಿಲ್ಲ. ಆಯಿತು ಎಂದೆ. ಮೂರು ತುಂಡು ತಿಂದರು. ತಟ್ಟೆಯ ಹಾಲನ್ನು ಬೆರಳಿನಲ್ಲಿ ಬಳಿದು ತಿಂದರು.

ಮರುದಿನ ಗ್ರೇಸಿಯ ಯೀಸ್ಟು ಹಾಕಿ ಮಾಡಿದೆ. ಉಬ್ಬಿತು, ಆದರೆ ಒಳಗೆ ಅಂಟಂಟು. ಅತ್ತೆ ಒಂದು ತುತ್ತು ತಿಂದು ತಟ್ಟೆ ಸರಿಸಿದರು. ನಾನು ಮತ್ತೆ ಕೆಳಗೆ ಹೋದೆ. "ಅತ್ತೆಗೆ ನಿನ್ನ ಬ್ರೆಡ್ಡೇ ಬೇಕಂತೆ" ಎಂದೆ. ಗ್ರೇಸಿಯ ಮುಖ ನೀನು ನೋಡಬೇಕಿತ್ತು. "ಅಮ್ಮಚ್ಚಿ ಹಾಗೆ ಹೇಳಿದರಾ?" ಎಂದು ಎರಡು ಸಲ ಕೇಳಿದಳು. ಈ ಕಟ್ಟಡಕ್ಕೆ ನಾವು ಬಂದಂದಿನಿಂದ ಕ್ರಿಸ್‌ಮಸ್ಸಿಗೆ ಕೇಕು ಕಳಿಸುತ್ತಿದ್ದಳು. ಅದು ನಮ್ಮ ಅಡಿಗೆಮನೆಯ ಹೊಸ್ತಿಲು ದಾಟಿದ್ದಿಲ್ಲ. ಅವಳಿಗೂ ಅದು ಗೊತ್ತಿತ್ತು. ಅಂದಿನಿಂದ ದಿನಾ ಅತ್ತೆಗೆಂದೇ ಬೇರೆ ಮಾಡುತ್ತಾಳೆ. ಹಣದ ಮಾತೆತ್ತಿದರೆ ಸಿಟ್ಟಾಗುತ್ತಾಳೆ.

ಇನ್ನೂ ಒಂದಿದೆ. ಶಬ್ದ ಕೇಳಿಸದಿದ್ದರೆ ಅತ್ತೆಗೆ ಅನುಮಾನ ಬರುತ್ತದೆ. ಅದಕ್ಕೆ ಮಧ್ಯಾಹ್ನ ಒಂದು ಹಿಡಿ ಹಿಟ್ಟು ನೀರು ಹಾಕಿ ಯಂತ್ರವನ್ನು ಸುಮ್ಮನೆ ತಿರುಗಿಸುತ್ತೇನೆ. ಲಿಂಬೆಯಷ್ಟು ದೊಡ್ಡ ಉಂಡೆ ಒಳಗೆ ಗಿರಗಿರ ಸುತ್ತುತ್ತದೆ. ಗಾಜಿನಲ್ಲಿ ಕಾಣುತ್ತದೆ. ನಾನು ಆ ಕಡೆ ನೋಡುವುದಿಲ್ಲ.

ನೀನು ಏನು ಬೈದರೂ ಸರಿ.

ಮೂಕಾಂಬಿಕಾ


ತುಂಬ
11 ಆಗಸ್ಟ್ 2006

ಅತ್ತಿಗೆ,

ಮಾಸಿಕಕ್ಕೆ ನಾನು ಬರುವುದಿಲ್ಲ. ನಿಕಿತಾಳಿಗೆ ಪರೀಕ್ಷೆ ಎಂದು ಅಮ್ಮನಿಗೆ ಹೇಳಿದ್ದೇನೆ. ನಿಮಗೆ ಆ ಸುಳ್ಳು ಹೇಳುವ ಅಗತ್ಯವಿಲ್ಲ.

ಅಮ್ಮ ಮಗನನ್ನು ಕಳೆದುಕೊಂಡಳು, ಬಾಯಿಯ ಅರ್ಧ ಕಳೆದುಕೊಂಡಳು. ಅವಳಲ್ಲಿ ಉಳಿದದ್ದು ಆ ಒಂದು ನೇಮ. ಅದನ್ನೂ ಅವಳಿಗೆ ತಿಳಿಯದ ಹಾಗೆ ಕಸಿದುಕೊಂಡಿರಲ್ಲ. ಯಂತ್ರ ಸರಿಯಾಗಲಿಲ್ಲ ಎಂದು ಒಂದು ಮಾತು ಬರೆದಿದ್ದರೆ ನಾನು ಅಂದೇ ರೈಲು ಹತ್ತಿ ಬಂದು ಮಾಡಿಕೊಡುತ್ತಿರಲಿಲ್ಲವೇ? ನಾನು ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಈಗ ಅವಳಿಗೆ ಹೇಳಬೇಡಿ. ಹೇಳಿದರೆ ಮತ್ತೆ ಉಪವಾಸ ಬೀಳುತ್ತಾಳೆ. ಮಾಡಿದ್ದು ಮಾಡಿದಿರಿ, ಅದನ್ನೇ ಮುಂದುವರಿಸಿ.

ಚಂಪಾ


ಕಲೂರ್
17 ಸೆಪ್ಟೆಂಬರ್ 2006

ಪ್ರಿಯ ಚಂಪಾ,

ಮುಂದುವರಿಸಲು ನನ್ನ ಕೈಯಲ್ಲಿ ಈಗ ಏನೂ ಇಲ್ಲ.

ಕಳೆದ ಸೋಮವಾರ ಪೆನ್ಶನ್ನಿನ ಕೆಲಸಕ್ಕೆ ವಿಲ್ಲಿಂಗ್ಡನ್ ಐಲ್ಯಾಂಡಿಗೆ, ನಿನ್ನ ಅಣ್ಣನ ಆಫೀಸಿಗೆ ಹೋಗಬೇಕಾಯಿತು. ಅವರು ದಿನಾ ಹೋಗುತ್ತಿದ್ದ ದೋಣಿಯಲ್ಲೇ ಹೋದೆ. ಆ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಹೊರಡುವಾಗ ಯಂತ್ರ ತಿರುಗಿಸಿಟ್ಟು, ಕೀಲಿಯನ್ನು ಗ್ರೇಸಿಯ ಕೈಗೆ ಕೊಟ್ಟು, ಅತ್ತೆಯನ್ನು ಒಮ್ಮೆ ನೋಡು ಎಂದು ಹೇಳಿ ಹೋದೆ. ನನ್ನ ಬುದ್ಧಿ ಎಲ್ಲಿತ್ತೋ.

ಗ್ರೇಸಿ ಬಿಸಿ ಬ್ರೆಡ್ಡನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಮೇಲೆ ಬಂದಳು. ಅಷ್ಟು ದಿನ ನಾನೇ ಹೋಗಿ ತರುತ್ತಿದ್ದೆ. ಅಂದು ತಾನೇ ಅಮ್ಮಚ್ಚಿಯ ಕೈಗೆ ಕೊಡುವ ಆಸೆ ಇತ್ತೋ ಏನೋ. ಅತ್ತೆಗೆ ಹೆಜ್ಜೆಯ ಸಪ್ಪಳ ಕೇಳಿ ಸಂತೋಷವಾಗಿದೆ, ಮಾತಿಗೆ ಜನ ಸಿಕ್ಕರಲ್ಲ ಎಂದು. ಅವರ ಕಾಸರಗೋಡಿನ ಮಲಯಾಳದಲ್ಲಿ ಹೇಳಿದ್ದಾರೆ, "ಕೇಳಿತಾ? ನಮ್ಮ ಮೆಷಿನು. ನನಗೆ ಬ್ರೆಡ್ಡು ಮಾಡ್ತಾ ಉಂಟು. ಯಾರ ಕೈಯೂ ತಾಗಿದ್ದಲ್ಲ, ಅದಕ್ಕೇ ನಾನು ತಿನ್ನುವುದು. ಇಲ್ಲದಿದ್ದರೆ ಮುಟ್ತಿದ್ದೆನಾ?"

ಇದನ್ನು ನನಗೆ ಹೇಳಿದವರು ಅತ್ತೆಯೇ. ನಾನು ಬಂದ ಕೂಡಲೇ ಹೇಳಿದರು. "ಕೆಳಗಿನವಳು ಬಂದಿದ್ದಳು. ಅಡಿಗೆಮನೆಗೆ ಹೋಗಿ ಮೆಷಿನು ನೋಡಿದಳು. ಮಾತೇ ಆಡ್ಲಿಲ್ಲ, ಹೋದಳು. ಅವಳಿಗೆ ಮೈಯಲ್ಲಿ ಸೌಖ್ಯ ಇಲ್ಲವಾ ಎಂತದು?"

ಚೀಲ ಕೆಳಗಿಡದೆ ಹೋದೆ. ಅವಳು ಬಾಗಿಲು ತೆರೆದಳು, ಒಳಗೆ ಬನ್ನಿ ಎನ್ನಲಿಲ್ಲ. ಬಟ್ಟೆಯಲ್ಲಿ ಸುತ್ತಿದ ಬ್ರೆಡ್ಡು ಅವಳ ಹಿಂದೆ ಮೇಜಿನ ಮೇಲೆ ಹಾಗೆಯೇ ಇತ್ತು.

"ಗ್ರೇಸಿ, ಅತ್ತೆಗೆ ವಯಸ್ಸಾಗಿದೆ" ಎಂದೆ.

"ಅಮ್ಮಚ್ಚಿಯ ಮಾತು ಬಿಡಿ ಚೇಚಿ. ಅವರು ತಿನ್ನುವುದಿಲ್ಲ ಅಂತ ನನಗೆ ಮೊದಲೇ ಗೊತ್ತಿತ್ತು. ಒಂದು ದಿನ ಮುಖ ಸಣ್ಣ ಮಾಡಿದ್ದೇನಾ? ತಿನ್ನದವರ ಎದುರು ನಾನು ತಲೆ ಎತ್ತಿಕೊಂಡೇ ನಡೆದಿದ್ದೇನೆ."

ನಾನು ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದೆ.

"ಅಮ್ಮಚ್ಚಿಗೆ ನನ್ನ ಬ್ರೆಡ್ಡು ಇಷ್ಟ ಅಂದಿರಿ. ನಾನು ಅದನ್ನು ಚರ್ಚಿನಲ್ಲಿ ಕೂಡ ಹೇಳಿಕೊಂಡೆ. ಮೇಲೆ ನೋಡಿದರೆ ಒಂದು ಉಂಡೆ ಕುಣೀತಾ ಉಂಟು. ನನ್ನ ಕೈಗಿಂತ ಆ ಡಬ್ಬ ಮೇಲಾಯಿತಾ ನಿಮಗೆ?"

"ಅವರು ಹಸಿದಿದ್ದರು."

"ಹಸಿದವರಿಗೆ ಕೊಟ್ಟದ್ದಕ್ಕೆ ನನಗೆ ಬೇಜಾರಿಲ್ಲ. ಕೊಟ್ಟವರು ಯಾರು ಅಂತ ಹೇಳಲಿಕ್ಕೆ ನಿಮಗೆ ನಾಚಿಕೆಯಾಯಿತಲ್ಲ, ಅದಕ್ಕೆ."

ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬಾಗಿಲು ಹಾಕಿದಳು. ಬಡಿಯಲಿಲ್ಲ, ಮೆಲ್ಲನೆ ಹಾಕಿದಳು. ನಿನ್ನ ಅಣ್ಣನನ್ನು ಮನೆಗೆ ತಂದ ದಿನ ಬೆಳಗಿನವರೆಗೂ ನನ್ನ ಬೆನ್ನಿನ ಮೇಲೆ ಕೈ ಇಟ್ಟು ಕುಳಿತಿದ್ದವಳು ಅವಳು. ನಮ್ಮವರೆಲ್ಲ ಕಾಸರಗೋಡಿನಿಂದ ಬಂದು ತಲುಪಲು ಮರುದಿನವಾಯಿತು. ಅಲ್ಲಿಯವರೆಗೆ ಇದ್ದವಳು ಅವಳೊಬ್ಬಳೇ.

ಈಗ ಅತ್ತೆ ರಾತ್ರಿ ಹಾಲು ಕುಡಿದು ಮಲಗುತ್ತಾರೆ.

ಮೂಕಾಂಬಿಕಾ


ತುಂಬ
26 ಸೆಪ್ಟೆಂಬರ್ 2006

ಅತ್ತಿಗೆ,

ಹಿಂದಿನ ಸಲ ನಾನು ಬರೆದದ್ದನ್ನು ಹರಿದುಹಾಕಿ. ಹರಿದಿರದಿದ್ದರೆ ಈಗ ಹರಿಯಿರಿ.

ಆ ಕಾಗದವನ್ನು ಬರೆದು ಮುಗಿಸಿದ ಮೇಲೆ ನಾನು ತಿಂದದ್ದು ಏನು ಗೊತ್ತೇ? ಪೇಟೆಯ ಬೇಕರಿಯ ಬ್ರೆಡ್ಡು, ಜಾಮು ಹಚ್ಚಿ. ಇಲ್ಲಿಗೆ ಬಂದಂದಿನಿಂದ ತಿನ್ನುತ್ತಿದ್ದೇನೆ. ಅಮ್ಮ ಬಂದರೆ ಪೊಟ್ಟಣವನ್ನು ಬೀರುವಿನಲ್ಲಿ, ಸೀರೆಗಳ ಹಿಂದೆ ಅಡಗಿಸಿಡುತ್ತಿದ್ದೆ. ನಿಕಿತಾ ಸಣ್ಣವಳಿದ್ದಾಗ ಒಮ್ಮೆ ಅಜ್ಜಿಯ ಎದುರಿಗೆ ಅದನ್ನು ಹೇಳಹೊರಟಳು. ನಾನು ಅವಳ ಬಾಯಿ ಮುಚ್ಚಿದ್ದೆ. ನಿಮಗೆ ಅಷ್ಟು ಬರೆಯುವಾಗ ನನಗೆ ಇದಾವುದೂ ನೆನಪಾಗಲಿಲ್ಲ. ಅಮ್ಮನ ನೇಮವನ್ನು ನೀವು ಕಾಯಬೇಕು, ದೂರ ಕುಳಿತು ನಾನು ಅದಕ್ಕೆ ಹೆಮ್ಮೆಪಡಬೇಕು.

ಹೇಳುವುದೋ ಬಿಡುವುದೋ ನೀವೇ ನೋಡಿ. ಈ ಸಲ ನಾನು ಅಪ್ಪಣೆ ಕೊಡುವುದಿಲ್ಲ.

ಬ್ರೆಡ್ಡಿಗೆ ಒಂದು ಮಾತು. ಮಳೆಗಾಲದಲ್ಲಿ ಹಿಟ್ಟು ತಾನೇ ನೀರು ಹಿಡಿದಿರುತ್ತದಂತೆ. ಪುಸ್ತಕದಲ್ಲಿ ಹೇಳಿದಷ್ಟು ನೀರು ಹಾಕಿದರೆ ಒಳಗೆ ಅಂಟುತ್ತದೆ. ಎರಡು ಚಮಚ ಕಡಿಮೆ ಹಾಕಿ ನೋಡಿ ಎಂದು ನಿಮ್ಮ ಭಾವ ಹೇಳಿದರು. ಯೀಸ್ಟನ್ನು ಫ್ರಿಜ್ಜಿನಲ್ಲಿಡಿ.

ನಿಮ್ಮ
ಚಂಪಾ


ಕಲೂರ್
29 ಅಕ್ಟೋಬರ್ 2006

ಪ್ರಿಯ ಚಂಪಾ,

ಪೇಟೆಯಿಂದ ಹೊಸ ಯೀಸ್ಟು ತಂದು, ಎರಡು ಚಮಚ ನೀರು ಕಡಿಮೆ ಹಾಕಿದೆ. ಭಾವನಿಗೆ ಹೇಳು, ಬ್ರೆಡ್ಡು ಚೆನ್ನಾಗಿ ಬಂತು. ಉಬ್ಬಿತು, ಕೆಂಪಗಾಯಿತು, ಒಳಗೆ ಒಣಗಿತ್ತು. ಇಷ್ಟು ತಿಂಗಳ ಮೇಲೆ ನಾನು ಸುಳ್ಳಿಲ್ಲದ ತಟ್ಟೆಯನ್ನು ಅತ್ತೆಯ ಎದುರಿಗಿಟ್ಟೆ.

ಅವರು ತಿಂದು ಬೆರಳು ಒರೆಸಿಕೊಂಡರು. "ಮೆಷಿನಿಗೆ ಎಂತ ಆಯ್ತು? ಅಡ್ಡಿಯಿಲ್ಲ. ಆದರೆ ಮೊದಲಿನ ಕೈಗುಣ ಇಲ್ಲ" ಎಂದರು.

ನಾನು ಮಂಚದ ಪಕ್ಕ ಕುಳಿತೆ. ಎಲ್ಲವನ್ನೂ ಹೇಳಿದೆ. ಬಿಸಿಲು, ಗ್ರೇಸಿ, ಸುಮ್ಮನೆ ತಿರುಗುತ್ತಿದ್ದ ಯಂತ್ರ. ಅವರು ಬಾಯಿ ಮುಕ್ಕಳಿಸಲು ನೀರು ಕೇಳಿದರು. ಕೊಟ್ಟೆ. ಗೋಡೆಯ ಕಡೆ ತಿರುಗಿ ಮಲಗಿದರು.

ಎರಡು ಮೂರು ದಿನ ಮಾತಿಲ್ಲ. ಮಧ್ಯಾಹ್ನದ ಗಂಜಿ ಕುಡಿಯುತ್ತಿದ್ದರು, ರಾತ್ರಿ ಏನೂ ಇಲ್ಲ. ನಾನು ಮಾಡಿದ ಬ್ರೆಡ್ಡು ತಟ್ಟೆಯಲ್ಲೇ ಒಣಗಿತು. ಆಮೇಲೆ ಒಂದು ಸಂಜೆ ಆ ಕಡೆ ತಿರುಗಿಕೊಂಡೇ ಕೇಳಿದರು.

"ನಾನು ಕೈ ತಾಗ್ಲಿಲ್ಲ ಅಂದದ್ದು ಅವಳಿಗೇ ಅಲ್ಲವಾ?"

"ಹೌದು."

"ಆಗ ಅವಳ ಕೈಯಲ್ಲಿ ಬ್ರೆಡ್ಡು ಇತ್ತಾ?"

"ಇತ್ತು."

"ಅವಳ ಉಪ್ಪು ತಿಂದು ಅವಳಿಗೇ ಹೇಳಿದೆನಲ್ಲ." ಆಮೇಲೆ ಎಂದರು, "ನೀನು ನನ್ನ ಬಾಯಲ್ಲಿ ಅದನ್ನು ಹೇಳಿಸಿದಿ, ಮೂಕಾಂಬಿಕಾ." ಮದುವೆಯಾಗಿ ಬಂದಂದಿನಿಂದ ಅವರು ನನ್ನನ್ನು ಕೂಸೇ ಎಂದು ಕರೆದವರು. ಹೆಸರು ಹಿಡಿದು ಕರೆದದ್ದು ಅಂದೇ.

ಮರುದಿನ ಕೆಳಗೆ ಕರೆದುಕೊಂಡು ಹೋಗು ಎಂದು ಹಟ ಹಿಡಿದರು. ಗ್ರೇಸಿಯನ್ನೇ ಮೇಲೆ ಕರೆಯುತ್ತೇನೆ ಎಂದೆ. "ಯಾವ ಮುಖ ಇಟ್ಟುಕೊಂಡು ಕರೆಯುವುದು? ನಾನೇ ಹೋಗಬೇಕು." ಗ್ರೇಸಿಯ ಗಂಡ ಮತ್ತು ಕಟ್ಟಡದ ವಾಚ್‌ಮ್ಯಾನ್ ಸೇರಿ ಕುರ್ಚಿಯ ಸಮೇತ ಎತ್ತಿ ಇಳಿಸಿದರು. ಮೆಟ್ಟಿಲಿನುದ್ದಕ್ಕೂ ಅತ್ತೆ ಅವರಿಗೆ, "ಮೆಲ್ಲ, ಮೆಲ್ಲ, ನಾನೇನು ಉತ್ಸವಮೂರ್ತಿಯಾ?" ಎನ್ನುತ್ತಲೇ ಇದ್ದರು. ನೇರ ಅಡಿಗೆಮನೆಗೆ ಒಯ್ಯಿರಿ ಎಂದರು. ಗ್ರೇಸಿ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ಗ್ರೇಸಿ, ಎಲ್ಲಿದ್ದಿ? ನನಗೆ ಕಣ್ಣು ಸರಿ ಕಾಣುವುದಿಲ್ಲ" ಎಂದು ಅತ್ತೆ ಮಲಯಾಳದಲ್ಲಿ ಕರೆದರು. "ಅಂದು ನಾನು ಹಾಗೆ ಹೇಳಬಾರದಿತ್ತು. ನೀನು ಮಾಡಿದ್ದು ಅಂತ ಗೊತ್ತಿರಲಿಲ್ಲ. ಗೊತ್ತಿದ್ದರೆ ತಿನ್ನುತ್ತಿರಲಿಲ್ಲ, ಅದೂ ನಿಜ. ಸುಳ್ಳು ಹೇಳ್ಲಿಕ್ಕೆ ಬಂದದ್ದಲ್ಲ ನಾನು. ಈಗ ಗೊತ್ತುಂಟು. ಹಸಿವಾಗ್ತದೆ."

ಗ್ರೇಸಿ ಸೆರಗಿನಲ್ಲಿ ಕೈ ಒರೆಸಿಕೊಂಡಳು. "ಇವತ್ತಿನದ್ದು ಉಂಟು ಅಮ್ಮಚ್ಚಿ. ಮೊಟ್ಟೆ ಹಾಕಿಲ್ಲ."

"ನಾನು ಬರುವುದು ನಿನಗೆ ಗೊತ್ತಿತ್ತಾ?"

"ಇಲ್ಲ. ಹಾಕದೆ ಅಭ್ಯಾಸ ಆಗಿಹೋಗಿದೆ."

ಒಂದು ತುಂಡು ಕೊಯ್ದು ಹಾಲಿನಲ್ಲಿ ಅದ್ದಿ ಅತ್ತೆಯ ಕೈಗಿಟ್ಟಳು. ನಾನು ಬಾಗಿಲಿನ ಹತ್ತಿರ ನಿಂತಿದ್ದೆ. ಇಲ್ಲಿಗೆ ಮುಗಿಯಿತು, ಇಬ್ಬರೂ ಸರಿಯಾದರು, ಇನ್ನು ನಾನು ಉಸಿರು ಬಿಡಬಹುದು ಎಂದುಕೊಂಡೆ. ಅಷ್ಟರಲ್ಲಿ ಅತ್ತೆ ಬೆರಳಿನಲ್ಲಿ ತುಂಡಿನ ಅಂಚನ್ನು ಮುಟ್ಟಿ ನೋಡಿದರು. "ಇದೆಂತದು ಮೇಲೆ, ಸಿಪ್ಪೆಯ ಹಾಗೆ? ದಿನಾ ಬರುತ್ತಿದ್ದದ್ದಕ್ಕೆ ಇದು ಇರಲಿಲ್ಲವಲ್ಲ?"

ಚಂಪಾ, ಇದೊಂದನ್ನು ನಿನಗೂ ಬರೆದಿರಲಿಲ್ಲ. ಗ್ರೇಸಿ ಹಿಟ್ಟನ್ನು ಉಬ್ಬಲು ಇಡುವ ಮೊದಲು ಅದರ ಮೇಲೆ ಬೆರಳಿನಿಂದ ಶಿಲುಬೆ ಎಳೆಯುತ್ತಾಳೆ. ಅವಳ ಅಮ್ಮ ಕಲಿಸಿದ್ದಂತೆ. ಬೆಂದ ಮೇಲೆ ಅದು ಮೇಲ್ಗಡೆ ಸಣ್ಣ ಗೆರೆಯಾಗಿ ಉಳಿಯುತ್ತದೆ. ನಾನು ದಿನಾ ಆ ಮೇಲ್ಭಾಗವನ್ನು ತೆಳ್ಳಗೆ ಕೊಯ್ದು ತೆಗೆಯುತ್ತಿದ್ದೆ. ಅತ್ತೆಗಾಗಿ ಎಂದು ನನಗೆ ನಾನೇ ಹೇಳಿಕೊಂಡೆ. ಅತ್ತೆಗೆ ಕಣ್ಣು ಕಾಣುವುದಿಲ್ಲ. ಆ ಗೆರೆ ಕಂಡದ್ದು ನನಗೆ. ಅಷ್ಟು ದಿನದಲ್ಲಿ ನಾನು ಆ ಬ್ರೆಡ್ಡಿನ ಒಂದು ಚೂರನ್ನೂ ಬಾಯಿಗೆ ಹಾಕಿದ್ದಿಲ್ಲ. ಅತ್ತೆಯ ಮಡಿ ಎಂದು ಎಲ್ಲರಿಗೂ ಹೇಳುತ್ತಿದ್ದೆನಲ್ಲ, ಅದರೊಳಗೆ ನನ್ನದೂ ಇತ್ತು.

ಗ್ರೇಸಿ ನನ್ನನ್ನು ನೋಡಿದಳು. ಅವಳಿಗೆ ಕೂಡಲೇ ತಿಳಿಯಿತು.

"ಕೊಯ್ದದ್ದನ್ನು ಏನು ಮಾಡಿದಿರಿ ಚೇಚಿ?"

"ಟೆರೇಸಿನಲ್ಲಿ ಕಾಗೆಗಳಿಗೆ ಹಾಕಿದೆ."

"ಕಾಗೆಗಳಿಗೆ ನನ್ನ ಕೈ ಅಡ್ಡಿಯಾಗಲಿಲ್ಲ ಹಾಗಾದರೆ."

ಅತ್ತೆ ಜಗಿಯುವುದನ್ನು ನಿಲ್ಲಿಸಿದರು. ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದರು, "ಕಾಗೆ ಮುಟ್ಟಿತಾ?"

ಆ ಮಾತನ್ನು ಯಾವಾಗ ಕೇಳುತ್ತಾರೆ ಎಂದು ನಿನಗೆ ಹೇಳಬೇಕಾಗಿಲ್ಲ. ಪಿಂಡ ಇಟ್ಟು ದೂರ ನಿಂತಾಗ ಕೇಳುವುದು.

"ಮುಟ್ಟಿತು ಅತ್ತೆ. ದಿನಾ. ನಾನು ಹೋಗುವ ಮೊದಲೇ ಬಂದು ಕಾಯುತ್ತಿದ್ದವು."

"ಹಾಗಾದರೆ ನನ್ನ ಮಾಣಿಗೆ ಸೇರಿತು."

ಗ್ರೇಸಿಗೆ ಅರ್ಥವಾಗಲಿಲ್ಲ. ಅತ್ತೆಯೇ ಅವಳಿಗೆ ಬಿಡಿಸಿ ಹೇಳಿದರು, ಇದು ಮಗ ಹೋದ ವರ್ಷ, ಈ ವರ್ಷ ಕಾಗೆ ತಿಂದದ್ದು ಅವನಿಗೆ ಮುಟ್ಟುತ್ತದೆ ಎಂದು. ಗ್ರೇಸಿ ಕೇಳುತ್ತಾ ಕೇಳುತ್ತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಸಾರ್‌ಗೆ, ನಿಮ್ಮ ಮಗನಿಗೆ, ಆ ಮೇಲಿನ ತುಂಡೇ ಬೇಕಾಗುತ್ತಿತ್ತು ಅಮ್ಮಚ್ಚಿ. ಆಫೀಸಿನಿಂದ ಬರುವಾಗ ಮೆಟ್ಟಿಲಲ್ಲೇ ನಿಂತು ತಿನ್ನುತ್ತಿದ್ದರು. ಬಾಯಿ ಒರೆಸಿಕೊಂಡು ಮೇಲೆ ಹೋಗುತ್ತಿದ್ದರು. ಮೂಕಾಂಬಿಕಾಗೆ ಹೇಳಬೇಡ ಗ್ರೇಸಿ, ಅಂತ."

ನಿನ್ನ ಅಣ್ಣನಿಗೆ ಹೆದರಿಕೆ ಇದ್ದದ್ದು ತಾಯಿಯದ್ದಲ್ಲ, ನನ್ನದು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ನನಗದು ತಿಳಿಯಲಿಲ್ಲ.

ಅತ್ತೆ ಸಿಪ್ಪೆಯ ಭಾಗವನ್ನು ಹಾಲಿನಲ್ಲಿ ಇನ್ನಷ್ಟು ಅದ್ದಿ, ಒಸಡಿನಲ್ಲಿ ಒತ್ತಿ ಒತ್ತಿ ತಿಂದರು. ಗ್ರೇಸಿ ಇನ್ನೊಂದು ತುಂಡನ್ನು ತಟ್ಟೆಯಲ್ಲಿಟ್ಟು ಮೇಜಿನ ಈ ಕಡೆಗೆ ಸರಿಸಿದಳು. ಮೇಲಿನ ಗೆರೆ ಪೂರ್ತಿ ಇತ್ತು. ತಿನ್ನಿ ಎನ್ನಲಿಲ್ಲ, ಕುಳಿತುಕೊಳ್ಳಿ ಎನ್ನಲಿಲ್ಲ. ಮತ್ತೆ ಹಿಟ್ಟಿಗೆ ಕೈ ಹಾಕಿ ನಾದತೊಡಗಿದಳು.

ನಾನು ಕುಳಿತು ತಿಂದೆ. ತಲೆ ಎತ್ತಲಿಲ್ಲ.

ನಿನ್ನ ಅತ್ತಿಗೆ,
ಮೂಕಾಂಬಿಕಾ